ಬೈಬಲ್ ಮತ್ತು ವಿಜ್ಞಾನ: ಹೊಂದಿಕೆ ಎಲ್ಲಿ, ಎಷ್ಟರಮಟ್ಟಿಗೆ?

ಮೈಸೂರಿನ ಮಾನಸಗಂಗೋತ್ರಿಯ ಒಂದೇ ಆವರಣದಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗವೂ ಇದೆ, ಭೂವಿಜ್ಞಾನ ಮತ್ತು ಪ್ರಾಣಿವಿಜ್ಞಾನ ವಿಭಾಗಗಳೂ ಇವೆ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಪ್ರಕಾರ ದೇವರು ಆರು ದಿನಗಳಲ್ಲಿ ಆಕಾಶವನ್ನೂ ಭೂಮಿಯನ್ನೂ ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸಿದನು. ಭೂವಿಜ್ಞಾನಿಗಳು ಅಭ್ಯಾಸ ಮಾಡುವ ಶಿಲೆಗಳ ವಯಸ್ಸು ಕೋಟಿ ವರ್ಷಗಳ ಲೆಕ್ಕದಲ್ಲಿದೆ. ಭಾನುವಾರ ಚರ್ಚಿನಲ್ಲಿ ಆದಿಕಾಂಡವನ್ನು ಕೇಳಿ ಸೋಮವಾರ ಜೀವಶಾಸ್ತ್ರದ ತರಗತಿಗೆ ಹೋಗುವ ವಿದ್ಯಾರ್ಥಿಗೆ ಇವೆರಡನ್ನೂ ಒಟ್ಟಿಗೆ ಒಪ್ಪಬಹುದೇ ಎಂಬುದು ಪರೀಕ್ಷೆಯ ಪ್ರಶ್ನೆಗಿಂತ ದೊಡ್ಡದು. ಒಪ್ಪಬಹುದು ಎಂಬುದಕ್ಕೆ ಬಲವಾದ ಆಧಾರಗಳಿವೆ. ಆದರೆ ಬೈಬಲಿನ ಎಲ್ಲ ಬಗೆಯ ಓದಿಗೂ ಆ ಮಾತು ಅನ್ವಯಿಸುವುದಿಲ್ಲ. ಎಲ್ಲಿ ಹೊಂದಿಕೆಯಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂಬುದನ್ನು ಮೈಸೂರಿನ ಮತ್ತು ಕರ್ನಾಟಕದ ಉದಾಹರಣೆಗಳ ಮೂಲಕ ನೋಡಬಹುದು.

## ನಾಲ್ಕು ನಿಲುವುಗಳು

ಈ ಚರ್ಚೆಗೆ ಹೆಚ್ಚು ಬಳಕೆಯಲ್ಲಿರುವ ಚೌಕಟ್ಟನ್ನು ಕೊಟ್ಟವರು ಭೌತವಿಜ್ಞಾನವನ್ನೂ ದೇವತಾಶಾಸ್ತ್ರವನ್ನೂ ಓದಿದ್ದ ಅಮೆರಿಕದ ಇಯಾನ್ ಬಾರ್ಬರ್. ಅವರು ಧರ್ಮ ಮತ್ತು ವಿಜ್ಞಾನದ ಸಂಬಂಧವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಸಂಘರ್ಷ, ಪ್ರತ್ಯೇಕತೆ, ಸಂವಾದ, ಸಮನ್ವಯ.

ಸಂಘರ್ಷದ ನಿಲುವಿನವರು ಎರಡೂ ತುದಿಗಳಲ್ಲಿದ್ದಾರೆ. ಬೈಬಲ್ ಅಕ್ಷರಶಃ ನಿಜ, ಆದ್ದರಿಂದ ವಿಕಾಸವಾದ ಸುಳ್ಳು ಎನ್ನುವವರು ಒಂದು ತುದಿ. ವಿಕಾಸವಾದ ನಿಜ, ಆದ್ದರಿಂದ ಬೈಬಲಿಗೆ ಬೆಲೆಯಿಲ್ಲ ಎನ್ನುವವರು ಇನ್ನೊಂದು ತುದಿ. ಆದಿಕಾಂಡ ಭೌತಿಕ ಜಗತ್ತಿನ ವರದಿ ಎಂಬ ಊಹೆಯಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿದೆ. ಜಗತ್ತು ಹೇಗೆ ನಡೆಯುತ್ತದೆ ಎಂಬುದು ವಿಜ್ಞಾನದ ಕ್ಷೇತ್ರ, ಬದುಕಿನ ಅರ್ಥ ಮತ್ತು ಮೌಲ್ಯ ಧರ್ಮದ ಕ್ಷೇತ್ರ ಎಂದು ಪ್ರತ್ಯೇಕತೆಯ ನಿಲುವಿನವರು ಗಡಿ ಎಳೆಯುತ್ತಾರೆ. ಗಡಿಯಲ್ಲೇ ಹುಟ್ಟುವ ಪ್ರಶ್ನೆಗಳನ್ನು ಕುರಿತು ಎರಡೂ ಕಡೆಯವರು ಮಾತಾಡಬೇಕೆನ್ನುವುದು ಸಂವಾದ. ಎರಡನ್ನೂ ಸೇರಿಸಿ ಒಂದೇ ಜಗದ್ದೃಷ್ಟಿ ಕಟ್ಟುವ ಪ್ರಯತ್ನ ಸಮನ್ವಯ.

## ಬೈಬಲಿನೊಳಗಿನ ಪುಸ್ತಕಗಳು

ಬೈಬಲ್ ಹಲವು ಪುಸ್ತಕಗಳ ಸಂಗ್ರಹ. ಪ್ರಾಟೆಸ್ಟೆಂಟರ ಬೈಬಲಿನಲ್ಲಿ 66, ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕಗಳಿವೆ. ಬೇರೆ ಬೇರೆ ಕಾಲದ, ಬೇರೆ ಬೇರೆ ನೆಲದ ಲೇಖಕರು ಹಲವು ಶತಮಾನಗಳ ಅವಧಿಯಲ್ಲಿ ಇವನ್ನು ಬರೆದರು. ಅದರಲ್ಲಿ ಕಾನೂನು ಇದೆ, ರಾಜರ ಚರಿತ್ರೆ ಇದೆ, ಕೀರ್ತನೆ, ಗಾದೆ, ಪ್ರೇಮಗೀತೆ, ಸಾಮತಿ, ಪತ್ರ ಎಲ್ಲವೂ ಇವೆ. ಶ್ರವಣಬೆಳಗೊಳದ ಶಾಸನವನ್ನು ಓದುವ ರೀತಿಯಲ್ಲಿ ನಾವು ಅಲ್ಲಮನ ವಚನವನ್ನು ಓದುವುದಿಲ್ಲ. ಬೈಬಲಿನ ಪುಸ್ತಕಗಳಿಗೂ ಇದೇ ವಿವೇಕ ಬೇಕು.

ಕನ್ನಡಿಗರ ಕೈಗೆ ಈ ಗ್ರಂಥ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಅನುವಾದದ ಕೆಲಸಕ್ಕೆ ಕೂತರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಡಾರ್ವಿನ್ನನ ‘ಪ್ರಭೇದಗಳ ಉಗಮ’ ಪ್ರಕಟವಾದದ್ದು 1859ರಲ್ಲಿ. ಹಾಗಾಗಿ ಮೈಸೂರು ಸೀಮೆಯ ಮಿಷನ್ ಶಾಲೆಗಳ ಮಕ್ಕಳಿಗೆ ಬೈಬಲ್ ಪಾಠವೂ ಹೊಸ ವಿಜ್ಞಾನದ ಪಾಠವೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ, ಒಂದೇ ಸೂರಿನಡಿ ಸಿಕ್ಕವು. ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ ಓದಿದ ಕುವೆಂಪು ಮುಂದೆ ಕನ್ನಡದಲ್ಲಿ ವೈಜ್ಞಾನಿಕ ದೃಷ್ಟಿಯ ದೊಡ್ಡ ದನಿಯಾದರು.

## ಎರಡು ಸೃಷ್ಟಿಕಥನಗಳು

ಆದಿಕಾಂಡದ ಮೊದಲ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಅದರ ಕಟ್ಟಡ ಕಾಣುತ್ತದೆ. ಮೊದಲ ದಿನ ಬೆಳಕು, ಎರಡನೆಯ ದಿನ ಆಕಾಶ ಮತ್ತು ನೀರು, ಮೂರನೆಯ ದಿನ ಒಣನೆಲ ಮತ್ತು ಸಸ್ಯಗಳು. ನಾಲ್ಕನೆಯ ದಿನ ಸೂರ್ಯ, ಚಂದ್ರ, ನಕ್ಷತ್ರಗಳು. ಐದನೆಯ ದಿನ ಪಕ್ಷಿಗಳು ಮತ್ತು ಜಲಚರಗಳು. ಆರನೆಯ ದಿನ ನೆಲದ ಪ್ರಾಣಿಗಳು ಮತ್ತು ಮನುಷ್ಯರು. ಮೊದಲ ಮೂರು ದಿನಗಳಲ್ಲಿ ಮನೆಗಳು ಸಿದ್ಧವಾಗುತ್ತವೆ, ಮುಂದಿನ ಮೂರು ದಿನಗಳಲ್ಲಿ ಅದೇ ಕ್ರಮದಲ್ಲಿ ಅವುಗಳ ನಿವಾಸಿಗಳು ಬರುತ್ತಾರೆ. ಸೂರ್ಯನಿಗಿಂತ ಮೂರು ದಿನ ಮೊದಲೇ ಬೆಳಕು, ಹಗಲು, ರಾತ್ರಿ ಎಲ್ಲ ಇರುವುದು ಈ ಜೋಡಣೆಯ ಕಾರಣಕ್ಕೆ.

ಎರಡನೆಯ ಅಧ್ಯಾಯದಲ್ಲಿ ಅನುಕ್ರಮವೇ ಬೇರೆ. ಅಲ್ಲಿ ದೇವರು ಮೊದಲು ಮಣ್ಣಿನಿಂದ ಮನುಷ್ಯನನ್ನು ಮಾಡುತ್ತಾನೆ. ತೋಟ, ಪ್ರಾಣಿಗಳು, ಸ್ತ್ರೀ ಆಮೇಲೆ. ಸಂಗ್ರಹಕಾರರು ಈ ಎರಡು ಕಥನಗಳನ್ನು ತಿದ್ದದೆ ಪಕ್ಕಪಕ್ಕದಲ್ಲೇ ಇಟ್ಟಿದ್ದಾರೆ. ನಡೆದ ಘಟನೆಗಳ ವೇಳಾಪಟ್ಟಿ ಕೊಡುವುದು ಅವರ ಉದ್ದೇಶವಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಮೊದಲ ಅಧ್ಯಾಯ ಈಗಿನ ರೂಪ ಪಡೆದದ್ದು ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಯೆಹೂದ್ಯರು ಅನುಭವಿಸಿದ ಬ್ಯಾಬಿಲೋನ್ ಸೆರೆವಾಸದ ಆಸುಪಾಸಿನಲ್ಲಿ ಎಂದು ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಸುತ್ತಲಿನ ಜನ ಸೂರ್ಯಚಂದ್ರರನ್ನು ದೇವತೆಗಳೆಂದು ಪೂಜಿಸುತ್ತಿದ್ದ ನಾಡಿನಲ್ಲಿ ಈ ಬರಹ ಅವೆರಡನ್ನೂ ದೀಪಗಳ ಸ್ಥಾನಕ್ಕೆ ಇಳಿಸಿತು. ಗಂಡು ಹೆಣ್ಣುಗಳಿಬ್ಬರೂ ದೇವರ ಸ್ವರೂಪದಲ್ಲಿದ್ದಾರೆ ಎಂದಿತು. ಕಥೋಲಿಕ ಸಭೆ ಇವತ್ತಿಗೂ ಈ ಅಧ್ಯಾಯವನ್ನು ಪಾಸ್ಖ ಹಬ್ಬದ ಹಿಂದಿನ ರಾತ್ರಿಯ ಜಾಗರಣೆಯಲ್ಲಿ, ದೀಪವಾರಿಸಿದ ಚರ್ಚಿನೊಳಕ್ಕೆ ಪಾಸ್ಖ ಮೇಣದಬತ್ತಿಯ ಬೆಳಕು ಬಂದ ಮೇಲೆ, ಮೊದಲ ವಾಚನವಾಗಿ ಓದುತ್ತದೆ. ಅದರ ಜಾಗ ಆರಾಧನೆ.

## ಚಾಮುಂಡಿ ಬೆಟ್ಟದ ವಯಸ್ಸು

ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಬೈಬಲಿನ ವಂಶಾವಳಿಗಳನ್ನು ಕೂಡಿ, ಜಗತ್ತು ಕ್ರಿಸ್ತಪೂರ್ವ 4004ರಲ್ಲಿ ಸೃಷ್ಟಿಯಾಯಿತೆಂದು ಲೆಕ್ಕ ಹಾಕಿದ. ಮುಂದೆ ಇಂಗ್ಲಿಷ್ ಬೈಬಲುಗಳ ಅಂಚಿನಲ್ಲಿ ಈ ಇಸವಿ ಅಚ್ಚಾಗತೊಡಗಿ, ಮೂಲಗ್ರಂಥದ ಭಾಗವೇ ಎಂಬಂತೆ ಜನರ ಮನಸ್ಸಿನಲ್ಲಿ ಕೂತಿತು.

ಈ ಲೆಕ್ಕವನ್ನು ಮೈಸೂರಿನಲ್ಲಿ ಒರೆಗೆ ಹಚ್ಚಬೇಕಾದರೆ ಚಾಮುಂಡಿ ಬೆಟ್ಟವೇ ಸಾಕು. ಬೆಟ್ಟದ ಗ್ರಾನೈಟಿನ ವಯಸ್ಸು ಸುಮಾರು 80 ಕೋಟಿ ವರ್ಷ. ಬೆಂಗಳೂರು ದಾರಿಯಲ್ಲಿ ಕಾಣುವ ರಾಮನಗರದ ಬಂಡೆಗಳು ಸುಮಾರು 250 ಕೋಟಿ ವರ್ಷದವು. ಹಾಸನ ಜಿಲ್ಲೆಯ ಗೊರೂರು ಸುತ್ತಿನ ನೈಸ್ ಶಿಲೆಗಳು 300 ಕೋಟಿ ವರ್ಷಗಳನ್ನೂ ಮೀರಿದವು. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ.

ಈ ಅಂಕಿಗಳು ಬಂದದ್ದು ಅಳತೆಯಿಂದ. ಕರಗಿದ ಶಿಲಾರಸ ತಣ್ಣಗಾಗಿ ಗಟ್ಟಿಯಾಗುವಾಗ ಅದರ ಖನಿಜಗಳೊಳಗೆ ಅಲ್ಪ ಪ್ರಮಾಣದ ವಿಕಿರಣಶೀಲ ಧಾತುಗಳು ಸೇರಿಕೊಳ್ಳುತ್ತವೆ. ರುಬಿಡಿಯಂ-87 ನಿಧಾನವಾಗಿ ಸ್ಟ್ರಾನ್ಷಿಯಂ-87 ಆಗಿ ಬದಲಾಗುತ್ತದೆ. ಇದ್ದುದರಲ್ಲಿ ಅರ್ಧ ಬದಲಾಗಲು ಸುಮಾರು 5,000 ಕೋಟಿ ವರ್ಷ ಬೇಕು. ಯುರೇನಿಯಂ-238 ಸೀಸವಾಗುವಾಗ ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ ಹಿಡಿಯುತ್ತದೆ. ಎಷ್ಟು ಬದಲಾಗಿದೆ, ಎಷ್ಟು ಉಳಿದಿದೆ ಎಂದು ಅಳೆದರೆ ಕಲ್ಲು ಗಟ್ಟಿಯಾದ ಕಾಲ ತಿಳಿಯುತ್ತದೆ. ಒಂದು ವಿಧಾನದ ಉತ್ತರವನ್ನು ಇನ್ನೊಂದು ವಿಧಾನದಿಂದ ಪರೀಕ್ಷಿಸಬಹುದು. ಆರು ಸಾವಿರ ವರ್ಷಕ್ಕೂ ನೂರಾರು ಕೋಟಿ ವರ್ಷಕ್ಕೂ ಇರುವ ಅಂತರವನ್ನು ಸಣ್ಣ ತಿದ್ದುಪಡಿಗಳಿಂದ ತುಂಬಲು ಸಾಧ್ಯವಿಲ್ಲ.

ಈ ಶಿಲೆಗಳ ಅಧ್ಯಯನಕ್ಕೆ ಮೈಸೂರು ಸಂಸ್ಥಾನ 1894ರಲ್ಲಿ ಭೂವಿಜ್ಞಾನ ಇಲಾಖೆಯನ್ನು ಆರಂಭಿಸಿದಾಗ ಮೊದಲ ಹೊಣೆ ಹೊತ್ತವರು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲಿನ ಉಪಕರಣವನ್ನು ಗುರುತಿಸಿ, ಈ ನಾಡಿನ ಮನುಷ್ಯರ ಇತಿಹಾಸವನ್ನು ಬಹಳ ಹಿಂದಕ್ಕೆ ಒಯ್ದವರು ಅವರೇ. ಅವರ ಮಾವ ಪೀಟರ್ ಪರ್ಸಿವಲ್, ಜಾಫ್ನಾದಲ್ಲಿ ಆರುಮುಗ ನಾವಲರ್ ನೆರವಿನಿಂದ ಬೈಬಲನ್ನು ತಮಿಳಿಗೆ ತಂದ ಮಿಷನರಿ. ಬೈಬಲ್ ಅನುವಾದ ಮಾಡಿದವರ ಮನೆಯ ಅಳಿಯನೇ ಅಷರನ ಇಸವಿ ನಿಲ್ಲಲಾರದ ಸಾಕ್ಷ್ಯವನ್ನು ನೆಲದಿಂದ ಎತ್ತಿದರು.

## ಸೂರ್ಯ ನಿಂತ ಪ್ರಸಂಗ ಮತ್ತು ಗೆಲಿಲಿಯೊ

ಯೆಹೋಶುವನ ಪುಸ್ತಕದ ಹತ್ತನೆಯ ಅಧ್ಯಾಯದಲ್ಲಿ ಯುದ್ಧ ಮುಗಿಯುವ ತನಕ ಸೂರ್ಯ ಗಿಬ್ಯೋನಿನ ಮೇಲೆ ನಿಂತ ಪ್ರಸಂಗ ಬರುತ್ತದೆ. ಸೂರ್ಯ ಚಲಿಸುತ್ತಾನೆಂಬುದಕ್ಕೆ ಇದನ್ನು ಪ್ರಮಾಣವಾಗಿ ಮುಂದಿಟ್ಟು ಕೊಪರ್ನಿಕಸ್‌ನ ಸಿದ್ಧಾಂತವನ್ನು ವಿರೋಧಿಸಲಾಯಿತು. 1615ರಲ್ಲಿ ಟಸ್ಕನಿಯ ರಾಜಮಾತೆ ಕ್ರಿಸ್ಟಿನಾಗೆ ಬರೆದ ಪತ್ರದಲ್ಲಿ ಗೆಲಿಲಿಯೊ ಇದಕ್ಕೆ ಉತ್ತರ ಕೊಟ್ಟ. ಧರ್ಮಗ್ರಂಥ ಬಂದಿರುವುದು ಮೋಕ್ಷದ ದಾರಿ ತೋರಿಸಲು, ಗ್ರಹಗಳ ದಾರಿ ಕಲಿಸಲು ಅಲ್ಲ ಎಂಬುದು ಅವನ ವಾದದ ಸಾರ. ಚರ್ಚಿನ ನ್ಯಾಯಮಂಡಲಿ 1633ರಲ್ಲಿ ಅವನನ್ನು ತಪ್ಪಿತಸ್ಥನೆಂದು ಸಾರಿತು. 1642ರಲ್ಲಿ ಸಾಯುವ ತನಕ ಅವನು ಗೃಹಬಂಧನದಲ್ಲಿದ್ದ. 1992ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅಂದಿನ ದೇವತಾಶಾಸ್ತ್ರಜ್ಞರ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು.

ಗೆಲಿಲಿಯೊ ತನ್ನ ವಾದಕ್ಕೆ ಆಸರೆಯಾಗಿ ತಂದದ್ದು ಚರ್ಚಿನೊಳಗಿನ ಹಳೆಯ ಗುರುವನ್ನೇ. ಐದನೆಯ ಶತಮಾನದ ಆರಂಭದಲ್ಲಿ ಸಂತ ಅಗಸ್ಟೀನ್ ಆದಿಕಾಂಡದ ಮೇಲೆ ಬರೆದ ವ್ಯಾಖ್ಯಾನದಲ್ಲಿ, ಭೂಮಿ ಮತ್ತು ಆಕಾಶಕಾಯಗಳ ಬಗ್ಗೆ ಇತರರು ಚೆನ್ನಾಗಿ ಬಲ್ಲ ಸಂಗತಿಗಳನ್ನು ಕ್ರೈಸ್ತರು ಬೈಬಲಿನ ಹೆಸರಿನಲ್ಲಿ ತಪ್ಪಾಗಿ ಹೇಳಿ ನಗೆಗೀಡಾಗಬಾರದು ಎಂದು ಎಚ್ಚರಿಸಿದ್ದರು. ಆರು ದಿನಗಳನ್ನು ಗಡಿಯಾರದ ದಿನಗಳೆಂದು ಅವರು ಓದಲಿಲ್ಲ. ವಿಕಾಸವಾದದ ಒತ್ತಡಕ್ಕೆ ಸಿಕ್ಕಿ ಆಧುನಿಕ ಕ್ರೈಸ್ತರು ಸಾಂಕೇತಿಕ ಓದನ್ನು ಕಂಡುಕೊಂಡರು ಎನ್ನುವವರು ಈ ದೀರ್ಘ ಪರಂಪರೆಯನ್ನು ಗಮನಿಸಬೇಕು.

## ಮಾನಸಗಂಗೋತ್ರಿಯ ಹಣ್ಣುನೊಣಗಳು

ಬಾಳೆಹಣ್ಣಿನ ಮೇಲೆ ಮುತ್ತುವ ಪುಟ್ಟ ಹಣ್ಣುನೊಣವನ್ನು ತಳಿಶಾಸ್ತ್ರಜ್ಞರು ಡ್ರೋಸೋಫಿಲ ಎನ್ನುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿವಿಜ್ಞಾನ ವಿಭಾಗದಲ್ಲಿ ಎಂ. ಆರ್. ರಾಜಶೇಖರಶೆಟ್ಟಿಯವರ ಕಾಲದಿಂದ ಇದರ ಸಂಶೋಧನೆ ಬೆಳೆದು, ಇಲ್ಲಿನ ಡ್ರೋಸೋಫಿಲ ಸಂಗ್ರಹ ಕೇಂದ್ರ ದೇಶದಲ್ಲೇ ಹೆಸರಾಯಿತು.

ಇಲ್ಲಿ ಎಚ್. ಎ. ರಂಗನಾಥ್ ಅವರು ಜರ್ಮನಿಯ ಹೇಗೆಲ ಅವರ ಜೊತೆ ನಡೆಸಿದ ಒಂದು ಪ್ರಯೋಗ ವಿಕಾಸವನ್ನು ಕಣ್ಣಳತೆಗೆ ತಂದಿತು. ಕೊಡಗಿನಿಂದ ತಂದ ‘ನಸೂಟ’ ಎಂಬ ನೊಣದ ಜೀವಕೋಶದಲ್ಲಿ 8 ವರ್ಣತಂತುಗಳು. ಅದರ ಸಮೀಪದ ನೆಂಟ, ಜಪಾನಿನ ಒಕಿನಾವದ ‘ಆಲ್ಬೋಮಿಕಾನ್ಸ್’ನಲ್ಲಿ 6. ಇವೆರಡನ್ನೂ ಕೂಡಿಸಿ, ಮಿಶ್ರಸಂತತಿಯನ್ನು ತಲೆಮಾರಿನಿಂದ ತಲೆಮಾರಿಗೆ ಬಾಟಲಿಗಳಲ್ಲಿ ಬೆಳೆಸಿದರು. ಕೆಲವು ಸಂತತಿಗಳಲ್ಲಿ ಇಬ್ಬರು ಪೂರ್ವಜರಿಗೂ ಇಲ್ಲದ ಹೊಸ ವರ್ಣತಂತು ಜೋಡಣೆ ನೆಲೆಗೊಂಡಿತು. ಇಂಥ ಹೊಸ ಬಳಗಗಳಿಗೆ ‘ಸೈಟೋರೇಸ್’ ಎಂದು ಹೆಸರಿಟ್ಟರು. ಮುಂದೆ ಅಂಥ ಹಲವು ಬಳಗಗಳು ರೂಪುಗೊಂಡವು. ಹೊಸ ಪ್ರಭೇದ ಎನ್ನುವಷ್ಟು ದೂರ ಅವು ಹೋಗಿಲ್ಲದಿದ್ದರೂ, ಜೀವಿಗಳ ಬಳಗ ಕವಲೊಡೆಯುವ ಮೊದಲ ಹೆಜ್ಜೆಗಳು ಒಂದು ಪ್ರಯೋಗಾಲಯದ ಆಯುಷ್ಯದೊಳಗೇ ಕಾಣಿಸಿಕೊಂಡವು.

ಪಳೆಯುಳಿಕೆ, ಅಂಗರಚನೆ, ಡಿಎನ್‌ಎ ಇವೆಲ್ಲ ಬೇರೆ ಬೇರೆ ದಾರಿಯಿಂದ ಬಂದು ಒಂದೇ ತೀರ್ಮಾನಕ್ಕೆ ಸೇರುತ್ತವೆ: ಜೀವಿಗಳಿಗೆ ಸಮಾನ ಪೂರ್ವಜರಿದ್ದಾರೆ, ಮನುಷ್ಯನೂ ಇದಕ್ಕೆ ಹೊರತಲ್ಲ. ಇದನ್ನು ಕಟ್ಟಿದವರಲ್ಲಿ ಭಕ್ತರೂ ಇದ್ದರು. ತಳಿಶಾಸ್ತ್ರಕ್ಕೆ ಅಡಿಪಾಯ ಹಾಕಿದ ಗ್ರೆಗೊರ್ ಮೆಂಡೆಲ್ ಬ್ರನೊ ಪಟ್ಟಣದ ಮಠವಾಸಿ ಪಾದ್ರಿ. ಬಟಾಣಿ ಗಿಡಗಳ ಮೇಲಿನ ಅವನ ಲೇಖನ ಅಚ್ಚಾದದ್ದು 1866ರಲ್ಲಿ. ಹಣ್ಣುನೊಣಗಳ ಮೇಲೆ ದುಡಿದು ಆಧುನಿಕ ವಿಕಾಸವಾದವನ್ನು ರೂಪಿಸಿದ ಥಿಯೊಡೋಷಿಯಸ್ ಡಾಬ್‌ಜಾನ್‌ಸ್ಕಿ ಆರ್ಥೊಡಾಕ್ಸ್ ಕ್ರೈಸ್ತ. ಸೃಷ್ಟಿ ಎಂದೋ ಮುಗಿದ ಘಟನೆಯಾಗಿರದೆ ಇನ್ನೂ ನಡೆಯುತ್ತಿರುವ ಕ್ರಿಯೆ, ವಿಕಾಸವೇ ಅದರ ವಿಧಾನ ಎಂದು 1973ರ ಪ್ರಬಂಧದಲ್ಲಿ ಅವನು ವಾದಿಸಿದ.

## ವಿಶ್ವದ ಆರಂಭ ಮತ್ತು ಒಬ್ಬ ಪಾದ್ರಿಯ ಎಚ್ಚರಿಕೆ

ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಗಣಿತದಿಂದ ತೋರಿಸಿ, 1931ರಲ್ಲಿ ಅದಕ್ಕೊಂದು ಆರಂಭಬಿಂದು ಇರಬೇಕೆಂದು ಸೂಚಿಸಿದವರು ಬೆಲ್ಜಿಯಂನ ಜಾರ್ಜ್ ಲೆಮೇತ್ರ್, ಕಥೋಲಿಕ ಪಾದ್ರಿ. ಮುಂದೆ ಅದೇ ಮಹಾಸ್ಫೋಟ ಸಿದ್ಧಾಂತವಾಗಿ ಬೆಳೆಯಿತು. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಈ ಸಿದ್ಧಾಂತ ಸೃಷ್ಟಿಗೆ ಸಾಕ್ಷಿ ನುಡಿಯುತ್ತದೆ ಎಂಬರ್ಥದಲ್ಲಿ ಮಾತಾಡಿದಾಗ ಲೆಮೇತ್ರ್‌ಗೆ ಅದು ಸರಿ ಕಾಣಲಿಲ್ಲ. ತಮ್ಮ ಸಿದ್ಧಾಂತ ಭೌತವಿಜ್ಞಾನಕ್ಕೆ ಸೇರಿದ್ದು, ಅದು ಧಾರ್ಮಿಕ ಪ್ರಶ್ನೆಯ ಹೊರಗಿದೆ, ಆಸ್ತಿಕ ನಾಸ್ತಿಕರಿಬ್ಬರೂ ಅದನ್ನು ಒಪ್ಪಬಹುದು ಎಂಬುದು ಅವರ ನಿಲುವು. ಇಂದಿನ ಸಿದ್ಧಾಂತಕ್ಕೆ ನಂಬಿಕೆಯನ್ನು ಕಟ್ಟಿಹಾಕಿದರೆ ನಾಳೆ ಆ ಸಿದ್ಧಾಂತ ಬದಲಾದಾಗ ನಂಬಿಕೆಯೂ ಜಾರುತ್ತದೆ. ಬೈಬಲಿನ ವಾಕ್ಯಗಳಲ್ಲಿ ಮಹಾಸ್ಫೋಟವನ್ನೋ ಪರಮಾಣುವನ್ನೋ ಹುಡುಕುವವರಿಗೆ ಈ ಪಾದ್ರಿಯ ಎಚ್ಚರಿಕೆ ಇವತ್ತಿಗೂ ಬೇಕು.

## ಸಂತ ಫಿಲೋಮಿನಾ ಮತ್ತು ಮೂರು ಹೆಂಚುಗಳು

ಸಾಕ್ಷ್ಯದ ಎದುರು ನಂಬಿಕೆ ಏನು ಮಾಡಬೇಕೆಂಬುದಕ್ಕೆ ಮೈಸೂರಿನ ಅತ್ಯಂತ ಪರಿಚಿತ ಚರ್ಚಿನ ಹೆಸರಿನಲ್ಲೇ ಒಂದು ಪಾಠವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ್ 1933ರಲ್ಲಿ ಶಂಕುಸ್ಥಾಪನೆ ಮಾಡಿದ, 175 ಅಡಿಯ ಜೋಡಿ ಗೋಪುರಗಳ ಈ ಚರ್ಚು ಸಂತ ಜೋಸೆಫರ ಮತ್ತು ಸಂತ ಫಿಲೋಮಿನಾರ ಹೆಸರಿನಲ್ಲಿದೆ.

1802ರಲ್ಲಿ ರೋಮಿನ ಪ್ರಿಸಿಲ್ಲಾ ನೆಲಮಾಳಿಗೆಯ ಸಮಾಧಿಯೊಂದರಲ್ಲಿ ಎಳೆಯ ಹುಡುಗಿಯ ಮೂಳೆಗಳು ಸಿಕ್ಕವು. ಗೋರಿಯನ್ನು ಮೂರು ಸುಟ್ಟಮಣ್ಣಿನ ಹೆಂಚುಗಳಿಂದ ಮುಚ್ಚಲಾಗಿತ್ತು. ಅವುಗಳ ಮೇಲಿನ ಬರಹವನ್ನು ಕ್ರಮ ಬದಲಿಸಿ ಓದಿದರೆ ‘ಫಿಲೋಮಿನಾ, ನಿನಗೆ ಶಾಂತಿಯಿರಲಿ’ ಎಂದಾಗುತ್ತಿತ್ತು. ಆಕೆ ಧರ್ಮಕ್ಕಾಗಿ ಪ್ರಾಣಕೊಟ್ಟವಳೆಂಬ ನಂಬಿಕೆ ಬೆಳೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪುರಾತತ್ತ್ವಜ್ಞ ಒರಾಜಿಯೊ ಮಾರುಕ್ಕಿ, ಆ ಹೆಂಚುಗಳು ಇನ್ನೂ ಹಳೆಯ ಗೋರಿಯಿಂದ ತೆಗೆದು ಮರುಬಳಸಿದವು ಎಂದು ವಾದಿಸಿದ. ಅಂದರೆ ಮೂಳೆಗಳಿಗೂ ಆ ಹೆಸರಿಗೂ ನಂಟಿರಬೇಕಾಗಿಲ್ಲ. 1961ರಲ್ಲಿ ರೋಮ್ ಆಕೆಯ ಹಬ್ಬವನ್ನು ಆರಾಧನಾ ಪಂಚಾಂಗಗಳಿಂದ ತೆಗೆಯುವಂತೆ ಸೂಚಿಸಿತು.

ಮೈಸೂರಿನ ಭಕ್ತಿ ಅದರಿಂದ ನಿಂತಿಲ್ಲ. ಎಲ್ಲ ಮತದವರೂ ಅಲ್ಲಿ ಬಂದು ಮೇಣದಬತ್ತಿ ಹಚ್ಚುತ್ತಾರೆ. ಗಮನಿಸಬೇಕಾದದ್ದು ಎರಡು ಸಂಗತಿ: ಪುರಾತತ್ತ್ವದ ಸಾಕ್ಷ್ಯವನ್ನು ಚರ್ಚು ಅಡಗಿಸಿಡಲಿಲ್ಲ, ಇತಿಹಾಸದ ಪ್ರಶ್ನೆಗೆ ಇತಿಹಾಸದ ವಿಧಾನದಿಂದಲೇ ಉತ್ತರ ಪಡೆಯಿತು. ಅಂಥ ಉತ್ತರ ಬಂದ ಮೇಲೂ ಪ್ರಾರ್ಥಿಸುವವರ ಭರವಸೆ ಬೇರೆ ನೆಲೆಯಲ್ಲಿ ಮುಂದುವರಿಯಿತು.

## ಮಿಷನ್ ಆಸ್ಪತ್ರೆಯ ಹೆರಿಗೆ ದಾಖಲೆಗಳು

ನಂಬಿಕೆ ಮತ್ತು ವಿಜ್ಞಾನ ಜೊತೆಯಲ್ಲಿ ದುಡಿದದ್ದಕ್ಕೆ ಮೈಸೂರು ಸೀಮೆಯಲ್ಲಿ ಹಳೆಯ ಉದಾಹರಣೆಗಳಿವೆ. ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣದ ಕ್ರೈಸ್ತರ ನಡುವೆ ಬಂದು ನೆಲೆಸಿದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಅವರನ್ನು ಜನ ‘ದೊಡ್ಡಸ್ವಾಮಿಯವರು’ ಎನ್ನುತ್ತಿದ್ದರು. ಜೆನ್ನರನ ಸಿಡುಬು ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಮರುವರ್ಷದಿಂದಲೇ ದ್ಯುಬುವಾ ಮೈಸೂರು ರಾಜ್ಯದಲ್ಲಿ ಲಸಿಕೆ ಹಾಕಿಸುವ ಕೆಲಸಕ್ಕಿಳಿದರು. 1803–04ರಲ್ಲಿ ಸುಮಾರು 25,000 ಜನಕ್ಕೆ ಲಸಿಕೆ ಸಿಕ್ಕಿತು.

ನಗರದ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನ ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ವೆಸ್ಲಿಯನ್ ಮಿಷನ್ 1906ರಲ್ಲಿ ಆರಂಭಿಸಿದ ಈ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟು ಕಾಪಾಡಿಕೊಂಡು ಬಂದರು. ಹೆರಿಗೆ ಕೋಣೆಯ ನಿತ್ಯದ ಶಿಸ್ತು ಅದು. ದಶಕಗಳ ನಂತರ ಬ್ರಿಟನ್ನಿನ ಸೌತ್‌ಹ್ಯಾಂಪ್ಟನ್‌ನ ಸಂಶೋಧಕರು ಮತ್ತು ಇಲ್ಲಿನ ವೈದ್ಯರು ಕೂಡಿ ಆ ದಾಖಲೆಗಳನ್ನು ತೆರೆದರು. 1934 ಮತ್ತು 1954ರ ನಡುವೆ ಇಲ್ಲಿ ಹುಟ್ಟಿ, ಆಸ್ಪತ್ರೆಯ ಸುತ್ತಮುತ್ತಲೇ ವಾಸವಿದ್ದ 517 ಜನರನ್ನು ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕವಿದ್ದವರಲ್ಲಿ ಶೇ. 11 ಜನಕ್ಕೆ ಪರಿಧಮನಿಯ ಹೃದ್ರೋಗವಿತ್ತು. ಮೂರು ಕಿಲೋಗೂ ಮೀರಿ ಚೆನ್ನಾಗಿ ಬೆಳೆದು ಹುಟ್ಟಿದವರ ಗುಂಪಿನಲ್ಲಿ ಅದು ಶೇ. 3. ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 1996ರಲ್ಲಿ ಬಂದ ಈ ಅಧ್ಯಯನ, ತಾಯಿಯ ಗರ್ಭದಲ್ಲಿನ ಬೆಳವಣಿಗೆಗೂ ನಡುವಯಸ್ಸಿನ ಹೃದ್ರೋಗಕ್ಕೂ ಇರುವ ನಂಟನ್ನು ಭಾರತದ ಜನರಲ್ಲಿ ತೋರಿಸಿತು. 1997–98ರಲ್ಲಿ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸುವ ಇನ್ನೊಂದು ಅಧ್ಯಯನ ಅದೇ ಆಸ್ಪತ್ರೆಯಲ್ಲಿ ಶುರುವಾಯಿತು.

ರೋಗಿಯ ಸೇವೆಯನ್ನು ದೇವರ ಸೇವೆ ಎಂದುಕೊಂಡವರು ಬರೆದ ತೂಕದ ಲೆಕ್ಕ ಹೀಗೆ ವಿಜ್ಞಾನದ ಸಾಕ್ಷ್ಯವಾಯಿತು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಜೆಸ್ವಿಟ್ ಪಾದ್ರಿ ಸಿಸಿಲ್ ಸಲ್ಡಾನಾ ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನು ಕುರಿತು 1976ರಲ್ಲಿ ಡ್ಯಾನ್ ನಿಕೋಲ್ಸನ್ ಜೊತೆ ಹೊರತಂದ ಗ್ರಂಥವನ್ನೂ, ಆಮೇಲಿನ ಕರ್ನಾಟಕ ಸಸ್ಯಸಂಪುಟಗಳನ್ನೂ ಸಸ್ಯವಿಜ್ಞಾನಿಗಳು ಇವತ್ತಿಗೂ ತೆರೆಯುತ್ತಾರೆ. ಈ ಕೆಲಸಗಳನ್ನು ಮಾಡಿದವರಿಗೆ ತಮ್ಮ ಬೈಬಲನ್ನು ಮುಚ್ಚಿಡುವ ಅಗತ್ಯ ಬೀಳಲಿಲ್ಲ. ಅಳತೆಯನ್ನು ತಿದ್ದುವ ಅಗತ್ಯವೂ ಬೀಳಲಿಲ್ಲ.

## ಸಭೆಗಳ ನಿಲುವು

ಕಥೋಲಿಕ ಸಭೆ 1943ರಲ್ಲಿ ಬೈಬಲಿನ ಸಾಹಿತ್ಯ ಪ್ರಕಾರಗಳನ್ನು ಗಮನಿಸಿ ಓದಬೇಕೆಂದು ವಿದ್ವಾಂಸರಿಗೆ ಸೂಚಿಸಿತು. 1950ರಲ್ಲಿ ಮನುಷ್ಯದೇಹದ ವಿಕಾಸವನ್ನು ಸಂಶೋಧಿಸಲು ಅಡ್ಡಿಯಿಲ್ಲ, ಆತ್ಮ ಮಾತ್ರ ದೇವರ ನೇರ ಸೃಷ್ಟಿ ಎಂದಿತು. 1996ರಲ್ಲಿ ಎರಡನೆಯ ಜಾನ್ ಪಾಲ್ ವಿಕಾಸ ಬರಿಯ ಊಹೆಯ ಮಟ್ಟವನ್ನು ದಾಟಿದೆ ಎಂದು ಪೋಪರ ವಿಜ್ಞಾನ ಅಕಾಡೆಮಿಗೆ ಸಂದೇಶ ಕಳಿಸಿದರು. ಆ ಅಕಾಡೆಮಿಗೆ ಸದಸ್ಯರಾಗಲು ಕ್ರೈಸ್ತರಾಗಿರಬೇಕೆಂದಿಲ್ಲ. ಕರ್ನಾಟಕದ ಸಿ. ಎನ್. ಆರ್. ರಾವ್ 1990ರಿಂದ ಅದರ ಸದಸ್ಯರು.

ಪ್ರಾಟೆಸ್ಟೆಂಟರಲ್ಲಿ ಒಂದೇ ಮಾತಿಲ್ಲ. ಹಳೆಯ ಮಿಷನ್ ಸಭೆಗಳ ಪರಂಪರೆಯಲ್ಲಿ ವಿಕಾಸವನ್ನು ಒಪ್ಪುವವರಿಗೆ ಜಾಗವಿದೆ. ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ಆರು ದಿನಗಳನ್ನು ಅಕ್ಷರಶಃ ದಿನಗಳೆಂದೇ ಬೋಧಿಸುತ್ತದೆ. ಭೂಮಿ ಕೆಲವೇ ಸಾವಿರ ವರ್ಷದ್ದು, ಶಿಲಾಪದರಗಳೆಲ್ಲ ನೋಹನ ಕಾಲದ ಜಲಪ್ರಳಯದಿಂದ ಆದವು ಎಂಬ ವಾದವನ್ನು 1961ರಲ್ಲಿ ಅಮೆರಿಕದ ವಿಟ್‌ಕಾಂಬ್ ಮತ್ತು ಮಾರಿಸ್ ಪುಸ್ತಕರೂಪದಲ್ಲಿ ಹರಡಿದರು. ಹೊಸ ಸ್ವತಂತ್ರ ಸಭೆಗಳು ಹಲವೆಡೆ ಅದನ್ನೇ ಬೈಬಲಿನ ಸಹಜ ಓದೆಂದು ಹೇಳಿಕೊಡುತ್ತಿವೆ. ಅದು ಒಂದು ಓದು ಮಾತ್ರ, ಎಲ್ಲರದ್ದೂ ಅಲ್ಲ ಎಂಬುದನ್ನು ನಮ್ಮ ಯುವಕರು ತಿಳಿದಿರಬೇಕು.

## ಹೊಂದಿಕೆಯಾಗದ ಜಾಗಗಳು

ಕೆಲವು ಕಡೆ ಹೊಂದಿಕೆ ಸಾಧ್ಯವಿಲ್ಲ. ಅದನ್ನು ನೇರವಾಗಿ ಹೇಳುವುದೇ ಪ್ರಾಮಾಣಿಕತೆ.

ಆರು ಗಡಿಯಾರದ ದಿನಗಳ ಸೃಷ್ಟಿ ಮತ್ತು ಆರು ಸಾವಿರ ವರ್ಷದ ಭೂಮಿ ಅಳತೆಗೆ ನಿಲ್ಲುವುದಿಲ್ಲ. ಒಂದೊಂದು ದಿನವನ್ನೂ ಒಂದೊಂದು ಯುಗ ಎಂದುಕೊಂಡರೂ ಸಸ್ಯಗಳ ನಂತರ ಸೂರ್ಯ, ನೆಲದ ಪ್ರಾಣಿಗಳಿಗಿಂತ ಮೊದಲು ಪಕ್ಷಿಗಳು ಎಂಬ ಅನುಕ್ರಮ ವಿಜ್ಞಾನದ ಸಾಕ್ಷ್ಯಕ್ಕೆ ಕೂಡಿಬರುವುದಿಲ್ಲ.

ಇಡೀ ಭೂಮಿಯನ್ನು ಮುಳುಗಿಸಿದ ಪ್ರಳಯಕ್ಕೂ ಶಿಲೆಗಳಲ್ಲಿ ಸಾಕ್ಷ್ಯವಿಲ್ಲ. ಕೇಂಬ್ರಿಜ್‌ನ ಪಾದ್ರಿ ಹಾಗೂ ಭೂವಿಜ್ಞಾನಿ ಆಡಂ ಸೆಜ್‌ವಿಕ್ ತಾನು ನಂಬಿದ್ದ ಪ್ರಳಯ ಸಿದ್ಧಾಂತವನ್ನು 1831ರಲ್ಲೇ ಬಹಿರಂಗವಾಗಿ ಹಿಂತೆಗೆದುಕೊಂಡ. 1872ರಲ್ಲಿ ಜಾರ್ಜ್ ಸ್ಮಿತ್ ಮೆಸೊಪೊಟೇಮಿಯದ ಮಣ್ಣಿನ ಫಲಕಗಳಲ್ಲಿ ಇದನ್ನೇ ಹೋಲುವ ಪ್ರಳಯಕಥೆಯನ್ನು ಓದಿದ. ಶತಪಥ ಬ್ರಾಹ್ಮಣದಲ್ಲಿ ಮನುವನ್ನು ಮೀನು ಪಾರುಮಾಡಿದ ಕಥೆ ನಮಗೂ ಗೊತ್ತು. ಪ್ರಳಯದ ಕಥೆಗಳು ಮನುಷ್ಯರ ಭಯ ಮತ್ತು ಭರವಸೆಯ ಬಗ್ಗೆ ಬಹಳ ಹೇಳುತ್ತವೆ, ಭೂಪದರಗಳ ಬಗ್ಗೆ ಅಲ್ಲ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಆದಾಮ ಮತ್ತು ಹವ್ವಳದು. ಇಂದಿನ ಮನುಷ್ಯರ ಡಿಎನ್‌ಎ ವೈವಿಧ್ಯ, ನಮ್ಮ ಪೂರ್ವಜರ ಸಂಖ್ಯೆ ಯಾವ ಕಾಲದಲ್ಲೂ ಇಬ್ಬರಿಗೆ ಇಳಿದಿರಲಿಲ್ಲ, ಸಾವಿರಗಳ ಲೆಕ್ಕದಲ್ಲಿತ್ತು ಎಂದು ತೋರಿಸುತ್ತದೆ. ಮೂಲಪಾಪದ ಬೋಧನೆ ಒಂದೇ ಮೊದಲ ದಂಪತಿಯ ಮೇಲೆ ನಿಂತಿರುವುದರಿಂದ ದೇವತಾಶಾಸ್ತ್ರಜ್ಞರು ಇದರ ಜೊತೆ ಇನ್ನೂ ಹೆಣಗಾಡುತ್ತಿದ್ದಾರೆ. ಆದಾಮನನ್ನು ಇಡೀ ಮನುಕುಲದ ಪ್ರತಿನಿಧಿಯಾಗಿ ಓದುವುದು ಒಂದು ದಾರಿ. ಎಲ್ಲರೂ ಅದನ್ನು ಒಪ್ಪಿಲ್ಲ.

ಪವಾಡಗಳ ವಿಷಯ ಬೇರೆ. ಪುನರುತ್ಥಾನದಂಥ ಒಮ್ಮೆ ಮಾತ್ರ ನಡೆದ ಘಟನೆಯನ್ನು ಪ್ರಯೋಗಾಲಯ ಮತ್ತೆ ನಡೆಸಿ ನೋಡಲಾರದು. ಸತ್ತವರು ಸಹಜವಾಗಿ ಏಳುವುದಿಲ್ಲ ಎಂದು ವಿಜ್ಞಾನ ಹೇಳುತ್ತದೆ. ಸುವಾರ್ತೆಯನ್ನು ಬರೆದವರಿಗೂ ಅದು ಗೊತ್ತಿತ್ತು, ಆದ್ದರಿಂದಲೇ ಅವರು ಅದನ್ನು ಅದ್ಭುತವೆಂದರು. ಅದನ್ನು ನಂಬುವುದು ಬಿಡುವುದು ವಿಶ್ವಾಸದ ನಿರ್ಧಾರ. ಆದರೆ ಇಂದಿನ ರೋಗಿಗೆ ಪ್ರಾರ್ಥನೆ ಸಾಕು, ಔಷಧ ಬೇಡ ಎಂದು ಯಾರಾದರೂ ಹೇಳಿದರೆ ಅದು ಪರೀಕ್ಷೆಗೆ ಒಳಪಡುವ ಮಾತು, ಜೀವಕ್ಕೆ ಅಪಾಯ ತರುವ ಮಾತು. ಮಿಷನ್ ಆಸ್ಪತ್ರೆ ಕಟ್ಟಿದವರು ಹಾಗೆ ನಂಬಲಿಲ್ಲ.

## ಓದುವವರ ಹೊಣೆ

ಇದು ಕ್ರೈಸ್ತರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ಪಠ್ಯದಿಂದ ವಿಕಾಸದ ಭಾಗವನ್ನು ತೆಗೆದಾಗ ದೇಶದ ವಿಜ್ಞಾನಿಗಳೂ ಶಿಕ್ಷಕರೂ ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ಸಂವಿಧಾನದ 51ಎ ವಿಧಿಯ ಪ್ರಕಾರ ಪ್ರತಿಯೊಬ್ಬ ನಾಗರಿಕರ ಕರ್ತವ್ಯ. ಯಾವ ಧರ್ಮಗ್ರಂಥ ಓದುವವರಿಗೂ ಅದು ಒಂದೇ.

ಬೈಬಲಿನ ಒಂದೊಂದು ವಾಕ್ಯವನ್ನೂ ಒಂದೊಂದು ಆವಿಷ್ಕಾರಕ್ಕೆ ಜೋಡಿಸುವ ದಾರಿ ಮತ್ತೆ ಮತ್ತೆ ಸೋತಿದೆ. ಗ್ರಂಥವನ್ನು ಅದರ ಕಾಲ, ಪ್ರಕಾರ, ಉದ್ದೇಶಗಳನ್ನು ಅರಿತು ಓದಿ, ಪ್ರಕೃತಿಯ ಸಂಗತಿಗಳನ್ನು ಸಾಕ್ಷ್ಯಕ್ಕೆ ಬಿಟ್ಟುಕೊಡುವ ದಾರಿ ಅಗಸ್ಟೀನರಿಂದ ಲೆಮೇತ್ರ್ ತನಕ ಉಳಿದುಬಂದಿದೆ. ಕಲ್ಲಿನ ವಯಸ್ಸನ್ನು ಭೂವಿಜ್ಞಾನಿ ಹೇಳಲಿ, ನೊಣದ ವರ್ಣತಂತುಗಳನ್ನು ತಳಿವಿಜ್ಞಾನಿ ಎಣಿಸಲಿ. ಬಡವನನ್ನು, ರೋಗಿಯನ್ನು, ಪರಕೀಯನನ್ನು ನಾನು ಹೇಗೆ ಕಾಣಬೇಕು ಎಂಬ ಪ್ರಶ್ನೆ ಯಾವ ಉಪಕರಣದ ಅಳತೆಗೂ ಸಿಗುವುದಿಲ್ಲ. ಬೈಬಲಿನ ಪ್ರವಾದಿಗಳೂ ಯೇಸುವೂ ಮಾತಾಡಿದ್ದು ಹೆಚ್ಚಾಗಿ ಆ ಪ್ರಶ್ನೆಯನ್ನೇ ಕುರಿತು. ಆದ್ದರಿಂದ ವಿದ್ಯಾರ್ಥಿ ತನ್ನ ಪ್ರಶ್ನೆಗಳನ್ನು ಪಾದ್ರಿಯ ಮುಂದೆಯೂ ಮೇಷ್ಟರ ಮುಂದೆಯೂ ಅಂಜದೆ ಇಡಬೇಕು. ಇಬ್ಬರೂ ತಮಗೆ ತಿಳಿದದ್ದರ ಎಲ್ಲೆಯನ್ನು ಅವನಿಗೆ ಹೇಳಬೇಕು. ನಂಬಿಕೆ ಉಳಿಸಿಕೊಳ್ಳಲು ಸಾಕ್ಷ್ಯವನ್ನು ಅಲ್ಲಗಳೆಯಬೇಕು ಎಂದು ಮಕ್ಕಳಿಗೆ ಕಲಿಸಿದರೆ, ಬೆಳೆದ ಮೇಲೆ ಅವರು ಎರಡರಲ್ಲಿ ಒಂದನ್ನು ಕಳೆದುಕೊಳ್ಳುತ್ತಾರೆ. ಆ ನಷ್ಟವನ್ನು ತಪ್ಪಿಸುವುದು ಚರ್ಚಿನ ಮತ್ತು ಶಾಲೆಯ ಕೈಯಲ್ಲೇ ಇದೆ.